ರೂತವ್ವ ತಿನ್ನದ ರೊಟ್ಟಿ

ಬೆಳಗಿನ ಐದು ಗಂಟೆ. ಗುಡಗೇರಿ ಹತ್ತಿರದ ಸಣ್ಣ ಊರೊಂದರ ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ರೂತವ್ವ ಹಂಚು ಕಾಯಿಸುತ್ತಿದ್ದಾರೆ. ಇವತ್ತು ತಿಂಗಳ ಮೊದಲ ಭಾನುವಾರ, ಯೇಸುವಿನ ನೆನಪಿಗೆ ಸಭೆಯವರೆಲ್ಲ ರೊಟ್ಟಿ ಹಂಚಿಕೊಂಡು ತಿನ್ನುವ ಕರ್ತನ ಭೋಜನದ ದಿನ. ಗೋಧಿ ಹಿಟ್ಟು, ನೀರು, ಅಷ್ಟೇ. ಉಪ್ಪಿಲ್ಲ, ಎಣ್ಣೆಯಿಲ್ಲ. ತೆಳ್ಳಗೆ ಲಟ್ಟಿಸಿ, ಕಪ್ಪು ಕಲೆ ಬೀಳದಂತೆ ಬೇಯಿಸಿ, ಉಗುರಿನಷ್ಟು ಚೂರು ಮಾಡುತ್ತಾರೆ. ಸಭೆಯಲ್ಲಿ ಅರವತ್ತೆರಡು ಜನ. ತಟ್ಟೆಯಲ್ಲಿ ಅರವತ್ತೊಂದು ಚೂರು.

"ನಂದು ಲೆಕ್ಕಕ್ಕ ಹಿಡಿಯಂಗಿಲ್ರಿ," ಎನ್ನುತ್ತಾ ಬೆರಳಿಗಂಟಿದ ಹಿಟ್ಟನ್ನೂ ತೊಳೆದುಕೊಳ್ಳುತ್ತಾರೆ.

ರೂತವ್ವನಿಗೆ ಐವತ್ನಾಲ್ಕು ವರ್ಷ. ವಾರದ ದಿನ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಭಾನುವಾರ ಕಸ ಗುಡಿಸಿ, ಚಾಪೆ ಹಾಸಿ, ಗಂಟೆ ಹೊಡೆಯುತ್ತಾರೆ. ಇಪ್ಪತ್ತೆರಡು ವರ್ಷದಿಂದ ರೊಟ್ಟಿಯೂ ಅವರದೇ. "ಭಾಳ ಮಂದಿ ಇದನ್ನ ಹುಬ್ಬಳ್ಳಿಯಿಂದ ತರಸ್ತಾರ ಅಂತ ತಿಳ್ಕೊಂಡಾರ," ಎಂದು ನಗುತ್ತಾರೆ. ಹನ್ನೊಂದು ವರ್ಷದಿಂದ ಅದರ ಒಂದು ಚೂರೂ ಅವರ ನಾಲಿಗೆ ಮುಟ್ಟಿಲ್ಲ.

ತಂಗಿ ಸುವರ್ಣಾ ಮನೆಯಲ್ಲಿ ಹೇಳದೆ ಮೊರಬದ ಬೀರಲಿಂಗನ ಜೊತೆ ಮದುವೆಯಾಗಿ ಹೋದಳು. ಅವ್ವ ಅದೇ ಕೊರಗಿನಲ್ಲಿ ಹಾಸಿಗೆ ಹಿಡಿದಳು, ಮತ್ತೆ ಏಳಲಿಲ್ಲ. ಮಣ್ಣಿನ ದಿನ ಸುವರ್ಣಾ ಓಡಿಬಂದಾಗ ಪೆಟ್ಟಿಗೆಯನ್ನು ಗುಂಡಿಗೆ ಇಳಿಸಿಯಾಗಿತ್ತು. ಎಲ್ಲರಂತೆ ಅವಳೂ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ರೂತವ್ವ ಅವಳ ಮುಂಗೈ ಹಿಡಿದರು.

"'ನಿನ್ನ ಕೈಮಣ್ಣ ಅವ್ವಗ ಬ್ಯಾಡ' ಅಂದೆ. ಅಷ್ಟೂ ಮಂದಿ ಮುಂದ. ಅಕಿ ಅಳಲಿಲ್ರಿ. ಆ ಮಣ್ಣ ಸೆರಗಿನ್ಯಾಗ ಗಂಟ ಕಟ್ಕೊಂಡು ಹೋದ್ಲು."

ಆಮೇಲೊಂದು ಭಾನುವಾರ ಸಭಾಪಾಲಕರು ಓದಿದ ವಚನ ರೂತವ್ವನಿಗೆ ತಾಗಿತು. ನಿನ್ನ ಮೇಲೆ ಯಾರಿಗಾದರೂ ಮುನಿಸಿದ್ದರೆ ಕಾಣಿಕೆಯನ್ನು ಅಲ್ಲೇ ಬಿಡು, ಮೊದಲು ಹೋಗಿ ಒಂದಾಗು, ಆಮೇಲೆ ಬಾ ಎಂಬ ಮಾತು. ಅಂದಿನಿಂದ ಪ್ರತಿ ಕರ್ತನ ಭೋಜನದ ಹಿಂದಿನ ದಿನ ಅವರು ಎರಡು ಬಸ್ಸು ಬದಲಿಸಿ ಮೊರಬಕ್ಕೆ ಹೋಗುತ್ತಾರೆ. ಸುವರ್ಣಾ ಬಾಗಿಲು ತೆಗೆಯುತ್ತಾಳೆ, ತಂಬಿಗೆ ಇಡುತ್ತಾಳೆ, 'ನೀರ ಕುಡಿ' ಎಂದು ಒಳಗೆ ಹೋಗುತ್ತಾಳೆ. ತಪ್ಪಾಯಿತೆಂದು ರೂತವ್ವ ಹೊಸ್ತಿಲಿಗೆ ಹೇಳಿ ಬರುತ್ತಾರೆ.

ನಿನ್ನೆಯೂ ಹೋಗಿದ್ದರು. ಮರಳುವ ಬಸ್ಸಿನ ಕಂಡಕ್ಟರ್ ಇಮಾಮಹುಸೇನನಿಗೆ ಇದೆಲ್ಲ ಗೊತ್ತು.

"ಏನ್ರೀ ಅಕ್ಕಾರ, ತಂಗಿ ಮಾತಾಡಿದ್ಲೇನು?"

"ಮಾತಾಡಿದ್ಲಪಾ."

"ಏನಂದ್ಲು?"

"ನೀರ ಕುಡಿ ಅಂದ್ಲು."

"ಹೋದ ತಿಂಗಳೂ ಅದನ್ನ ಅಂದಿದ್ಲಲ್ರಿ."

"ಈ ಸಲ ತಂಬಗಿ ತೊಳದು ಕೊಟ್ಲು."

ಇಮಾಮಹುಸೇನ ನಗಲಿಲ್ಲ. ಟಿಕೆಟ್ ಹರಿದು ಕೊಟ್ಟು ಮುಂದೆ ಹೋದ.

ಸಭಾಪಾಲಕ ದೇವಪುತ್ರರಿಗೂ ಈ ವಿಷಯದಲ್ಲಿ ಸಂಕಟವಿದೆ. "ದೇವರು ಅಕಿನ್ನ ಎಂದೋ ಕ್ಷಮಿಸ್ಯಾನ್ರಿ. ಯೇಸು ಸತ್ತದ್ದ ಅದಕ್ಕಲ್ಲೇನು? ರೊಟ್ಟಿ ತಗೋ ಅಂತ ನೂರು ಸಲ ಹೇಳೀನಿ. ಆದ್ರ ಮೊರಬಕ್ಕ ಹೋಗಬ್ಯಾಡ ಅಂತ ಹೆಂಗ ಹೇಳ್ಲಿ? ಆ ವಚನ ಓದಿದಾಂವ ನಾನ."

ರೂತವ್ವನ ಉತ್ತರ ಇಷ್ಟೇ: "ದೇವರು ಕ್ಷಮಿಸಿದ್ದು ನನಗ ಗೊತ್ತೈತಿ. ಆದ್ರ ಅಂವನ ಮುಂದ ನಿಂತ್ರ ನನ್ನ ಕೈಯಾಗ ಸುವರ್ಣಾನ ಮುಂಗೈನ ಕಾಣ್ತೈತ್ರಿ."

ಒಂಬತ್ತಕ್ಕೆ ಆರಾಧನೆ. ತಟ್ಟೆ ಸಾಲಿನಿಂದ ಸಾಲಿಗೆ ಹೋಗುತ್ತದೆ. ರೂತವ್ವ ಗಂಟೆಯ ಹಗ್ಗದ ಬಾಜು ತಲೆ ತಗ್ಗಿಸಿ ನಿಂತಿರುತ್ತಾರೆ. ಎಲ್ಲರೂ ಹೋದ ಮೇಲೆ ತಟ್ಟೆ ತೊಳೆದು, ಮಂದಿರದ ಹಿಂದಿನ ಸಮಾಧಿಗಳ ಕಡೆ ನಡೆಯುತ್ತಾರೆ.

ಅವ್ವನ ಗೋರಿಗೆ ಸಿಮೆಂಟ್ ಹಾಕಿದ್ದಾರೆ. ನಡುವೆ ಒಂದು ಕಡೆ ಮಾತ್ರ ಬೋಗುಣಿಯಷ್ಟು ಜಾಗ ಬರೀ ಎರೆಮಣ್ಣು. ಗೌಂಡಿ ಅದನ್ನೂ ಮುಚ್ಚಲು ಬಂದಾಗ ರೂತವ್ವ ತಡೆದಿದ್ದರಂತೆ. ಈಗ ಕುಕ್ಕರಗಾಲಲ್ಲಿ ಕೂತು ಅಲ್ಲಿ ಎದ್ದ ಹುಲ್ಲು ಕೀಳುತ್ತಿದ್ದಾರೆ.

"ಆ ಸೆರಗಿನ ಗಂಟ ಇನ್ನೂ ಅಕಿ ಮನಿ ಗೂಡಿನ್ಯಾಗ ಐತಿ. ನಿನ್ನಿ ನೀರ ಕುಡಿಯೂಮುಂದ ನೋಡಿದೆ. ಕೇಳಾಕ ಧೈರ್ಯ ಆಗ್ಲಿಲ್ಲ. ಅಕಿ ಬಂದು ಆ ಮಣ್ಣ ಇಲ್ಲಿ ಹಾಕಿದ ದಿನ ನಾನೂ ಒಂದು ಚೂರ ಹೆಚ್ಚಿಗಿ ಮಾಡ್ತೀನ್ರಿ."

ಕಿತ್ತ ಹುಲ್ಲನ್ನು ಆಚೆ ಎಸೆದು, ಆ ಜಾಗದ ಮೇಲೆ ತಮ್ಮ ಮುಷ್ಟಿ ಇಟ್ಟು ಅಳೆಯುತ್ತಾರೆ.

"ಅಕಿ ಮುಷ್ಟಿ ನಂದಕಿಂತ ಸಣ್ಣದ್ರಿ. ಇಷ್ಟ ಜಾಗಾ ಸಾಕು."