ಸಂಘದ ಅಧ್ಯಕ್ಷರು ಬ್ರಾಂದಿ ಕುಡಿದದ್ದು

೧೯೫೬ರಲ್ಲಿ ರಾಜಾಜಿನಗರದ ನಮ್ಮ ಬೀದಿಗೆ ಒಂದು ಪಾನನಿರೋಧ ಸಂಘವಿತ್ತು. ಅಧ್ಯಕ್ಷರು ಕೆಂಚಪ್ಪನವರು. ಮರದ ಸಾಮಾನಿನ ಅಂಗಡಿಯಲ್ಲಿ ಕುರ್ಚಿ, ಬೀರುಗಳಿಗೆ ಪಾಲಿಶ್ ಹಾಕುವುದು ಅವರ ಕೆಲಸ. ಶನಿವಾರ ಸಂಜೆ ತಾಳ ಹಿಡಿದು ಬೀದಿ ಸುತ್ತಿ, ಹೆಂಡ ಬಿಡಿರೆಂದು ಭಾಷಣ ಮಾಡುತ್ತಿದ್ದರು.

ಅವರು ಹೆಂಡ ಮುಟ್ಟಿದವರಲ್ಲ, ಅದು ನಿಜ. ಕುಡಿಯುತ್ತಿದ್ದುದು ಪಾಲಿಶಿಗೆ ಬೆರೆಸುವ ಸ್ಪಿರಿಟ್ಟನ್ನು. ಹೆಂಡತಿ ಮುನಿತಾಯಮ್ಮನಿಗೆ, "ಕೈಗೆ ಮೆತ್ತಿದ ಪಾಲಿಶ್ ವಾಸನೆ ಕಣೇ" ಎನ್ನುತ್ತಿದ್ದರು. ಅದು ಬಾಯಿಂದ ಏಕೆ ಬರುತ್ತದೆ ಎಂದು ಆಕೆ ಕೇಳಲಿಲ್ಲ. ಅಧ್ಯಕ್ಷರ ಹೆಂಡತಿಯೆಂದು ಬೀದಿ ನಲ್ಲಿಯಲ್ಲಿ ಆಕೆಯ ಬಿಂದಿಗೆಯೇ ಮೊದಲು ತುಂಬುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ, ಸುಡುವ ಬಿಸಿಲಿನಲ್ಲಿ, ಕೆಂಚಪ್ಪನವರು ಹೊಟ್ಟೆ ಹಿಡಿದುಕೊಂಡು, "ಲಾಟೀನು ಹಚ್ಚೇ, ಏನೂ ಕಾಣ್ತಿಲ್ಲ" ಎಂದರು. ದೃಷ್ಟಿ ತಾಗಿದೆಯೆಂದು ಸಂಘದವರು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿಸಿದರು. ಘಾಟಿಗೆ ಎಲ್ಲರೂ ಕೆಮ್ಮಿದರು; ಅಂದರೆ ದೃಷ್ಟಿಯಲ್ಲ. ಅಷ್ಟರಲ್ಲಿ ಅಧ್ಯಕ್ಷರಿಗೆ ಮೇಲುಸಿರು ಬಂದಿತ್ತು. ಜಟಕಾ ಕಟ್ಟಿಸಿ ಆಸ್ಪತ್ರೆಗೆ ಸಾಗಿಸಿದರು. ಸಂಘದವರೂ ಹಿಂದೆಯೇ ಹೋದರು.

"ಏನು ಕುಡಿದಿರಿ?" ಎಂದರು ಡಾಕ್ಟರು.

"ಮಜ್ಜಿಗೆ, ಸಾರ್."

"ನಮ್ಮ ಅಧ್ಯಕ್ಷರು ಕಾಫೀನೂ ಮುಟ್ಟಲ್ಲ, ಸಾರ್" ಎಂದು ಕಾರ್ಯದರ್ಶಿ ಚನ್ನಕೇಶವ ಸಾಕ್ಷಿ ನುಡಿದರು.

ಡಾಕ್ಟರು ಮುನಿತಾಯಮ್ಮನ ಕಡೆ ತಿರುಗಿದರು. "ನೋಡಮ್ಮಾ, ಕಣ್ಣು ಹೋಗ್ತಾ ಇದೆ. ನಿಜ ಹೇಳ್ದೆ ಇದ್ರೆ ಜೀವಾನೂ ಹೋಗುತ್ತೆ."

ಆಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಸಂಘದವರನ್ನು ನೋಡಿದಳು. ಆಮೇಲೆ ಸೆರಗು ತೆಗೆದಳು.

"ಪಾಲಿಶ್ ಸ್ಪಿರಿಟ್ಟು ಸಾಮಿ. ದಿನಾ ಕುಡೀತಾರೆ."

ಡಾಕ್ಟರು ಹೊಟ್ಟೆಗೆ ಕೊಳವೆ ಇಳಿಸಿ ತೊಳೆಸಿದರು. ರಕ್ತದ ಹುಳಿ ಇಳಿಯಲೆಂದು ನರಕ್ಕೆ ಸೋಡದ ನೀರು ಏರಿಸಿದರು. ಕೊನೆಗೆ ಗ್ಲಾಸಿನಲ್ಲಿ ಬ್ರಾಂದಿ ತರಿಸಿ, "ಆ ವಿಷಾನ ಇದು ತಡೆಯುತ್ತೆ, ಕುಡೀರಿ" ಎಂದರು.

ಕೆಂಚಪ್ಪನವರು ಮುಖ ತಿರುಗಿಸಿದರು. "ಬ್ರಾಂದಿನಾ? ನಾನು ಅಧ್ಯಕ್ಷ, ಸಾರ್. ಸಂಘದವ್ರು ನೋಡ್ತಾ ಅವ್ರೆ."

ಕುಡಿಯಲೇಬೇಕಾದ ದಿನವೇ ಅವರಿಗೆ ವ್ರತ ನೆನಪಾಯಿತು.

"ಕಣ್ಣೇ ಕಾಣಲ್ಲ, ಅವ್ರು ನೋಡೋದು ಹೆಂಗೆ ಕಾಣ್ತು?" ಎಂದು ಮುನಿತಾಯಮ್ಮ ಗದರಿ, ಕಾರ್ಯದರ್ಶಿಗೆ, "ನಡೀರಣ್ಣಾ, ಎಲ್ಲಾರೂ ಆಚೆಗೆ!" ಎಂದಳು.

ಬಾಗಿಲು ಮುಚ್ಚಿದ ಸದ್ದಾದ ಮೇಲೆ ಅಧ್ಯಕ್ಷರ ಬಾಯಿ ತೆರೆಯಿತು. ಒಂದು ತೊಟ್ಟೂ ಚೆಲ್ಲಲಿಲ್ಲ.

ಜೀವ ಉಳಿಯಿತು. ಕಣ್ಣು ಅರ್ಧ ಬಂತು. ಎದುರಿನವರು ನೆರಳಿನಂತೆ ಕಾಣುತ್ತಿದ್ದರು. ಪಾಲಿಶ್ ಕೆಲಸ ಹೋಯಿತು, ಅಧ್ಯಕ್ಷಗಿರಿ ಹೋಗಲಿಲ್ಲ. ಔಷಧಿಯೆಂದು ಕುಡಿದದ್ದು ಕುಡಿತವಲ್ಲವೆಂದು ಸಂಘ ತೀರ್ಮಾನಿಸಿತು. ಸ್ಪಿರಿಟ್ಟಿನ ಮಾತನ್ನು ಯಾರೂ ಎತ್ತಲಿಲ್ಲ.

ಆಮೇಲೂ ಶನಿವಾರದ ಭಾಷಣ ನಿಲ್ಲಲಿಲ್ಲ. "ನನ್ನ ಜನ್ಮದಲ್ಲಿ ಒಂದು ತೊಟ್ಟೂ..." ಎಂದು ಅವರು ಶುರುಮಾಡಿದರೆ ಎದುರಿನ ನೆರಳುಗಳಲ್ಲಿ ಒಂದು ಕೆಮ್ಮುತ್ತಿತ್ತು. ಕೆಂಚಪ್ಪನವರು ನೀರು ಕೇಳಿ ಕುಡಿದು, ಮಾತು ಬದಲಿಸುತ್ತಿದ್ದರು.