ನಾನು ನೋಡದ ಗೋಲು

—ಅಥವಾ ಎಡಗೈಯನ್ನೇ ಎತ್ತಿದ್ದನೋ ಏನೋ. ಗೋಲು ಬಿಟ್ಟು ಮುಂದಕ್ಕೆ ಓಡಿಬರುತ್ತಿರುವ ಇಮ್ತಿಯಾಜ್, ಅವನ ಹಿಂದೆ ಖಾಲಿ ನಿಂತ ಎರಡು ಕಂಬ, ಅವನ ಕಾಲಡಿಯಿಂದ ಏಳುವ ಧೂಳು — ಎಲ್ಲವೂ ನನಗೆ ಇವತ್ತಿಗೂ ಕಾಣುತ್ತದೆ. ಅಂಗಿಯ ಹಸಿರು ಬಣ್ಣವೂ ಕಾಣುತ್ತದೆ. ಹಸಿರೋ, ಹಳದಿಯೋ. ಮಳೆಗಾಲ ಇನ್ನೂ ಮುಗಿದಿರಲಿಲ್ಲ, ಧೂಳು ಎಲ್ಲಿಂದ ಬರಬೇಕು? ಆದರೂ ಯಾರಾದರೂ ಕೇಳಿದ್ದರೆ ಆಣೆ ಮಾಡಿ ಹೇಳುತ್ತಿದ್ದೆ. ಆ ಹೊತ್ತಿಗೆ ನಾನು ಸವಣೂರಿನಲ್ಲಿ ಇರಲೇ ಇಲ್ಲ.

ಹೇಳಬೇಕಾದದ್ದು ಇದೇ. ನೋಡದ ಗೋಲನ್ನು ನೋಡಿದಂತೆ ಬರೆದೆ. ಬರೆದದ್ದು ಆಟ ಮುಗಿದ ಮೇಲೂ ಅಲ್ಲ, ಆಟ ಶುರುವಾಗುವ ಮೊದಲು. ಅದು ಅಚ್ಚಾಯಿತು, ಜನ ನಂಬಿದರು, ಒಬ್ಬ ಹುಡುಗನ ಆಟ ಅಲ್ಲಿಗೆ ನಿಂತಿತು. ಹತ್ತು ವರ್ಷಕ್ಕೂ ಹೆಚ್ಚಾಯಿತು. ಇಷ್ಟು ದಿನ ಯಾರಿಗೂ ಹೇಳಿಲ್ಲ.

ಆಗ ನಾನು ಶಿಗ್ಗಾವಿಯ ಒಂದು ಕಾಲೇಜಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕ. ಜೊತೆಗೆ ಜಿಲ್ಲೆಯ ಒಂದು ದಿನಪತ್ರಿಕೆಗೆ ಕಾಲೇಜು ಫುಟ್‌ಬಾಲಿನ ಬಗ್ಗೆ ಬರೆಯುತ್ತಿದ್ದೆ. ನಮ್ಮ ವಲಯದಲ್ಲಿ ನಾಲ್ಕೇ ಊರು — ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಶನಿವಾರ, ರವಿವಾರ ಪಂದ್ಯಗಳು. ಸೋಮವಾರ ಬೆಳಿಗ್ಗೆ ನನ್ನ ಅವಲೋಕನ. ಯಾರು ಗೆದ್ದರು, ಯಾಕೆ ಗೆದ್ದರು, ಯಾರ ಕಾಲಿನಲ್ಲಿ ದಮ್ಮಿದೆ. ಕೊನೆಗೆ ಒಂದೊಂದು ತಂಡಕ್ಕೆ ಒಂದೊಂದೇ ಶಬ್ದದ ತೀರ್ಪು. ಓದುವವರಿಗೆ ಅದೇ ರುಚಿ. “ಈ ವಾರ ನಮಗೇನ್ ಶಬ್ದ ಕೊಡ್ತೀರಿ ಸರ?” ಎಂದು ಹುಡುಗರು ಕ್ಯಾಂಟೀನಿನಲ್ಲಿ ಕಾಡುತ್ತಿದ್ದರು. ಅದರ ಅಮಲು ನನಗೂ ಏರಿತ್ತು.

ಸೋಮವಾರದ ಪುಟವನ್ನು ರವಿವಾರ ಬೇಗ ಕಟ್ಟುತ್ತಿದ್ದರು. ಪಂದ್ಯ ಮುಗಿದ ಮೇಲೆ ಕೂತು ಬರೆದರೆ ಜಾಗ ಸಿಗುತ್ತಿರಲಿಲ್ಲ. ಅದಕ್ಕೆ ನಾನೊಂದು ದಾರಿ ಮಾಡಿಕೊಂಡಿದ್ದೆ. ಪಂದ್ಯಕ್ಕೆ ಮೊದಲೇ ಎರಡು ಅವಲೋಕನ ಬರೆದಿಡುವುದು — ಈ ತಂಡ ಗೆದ್ದರೆ ಇದು, ಆ ತಂಡ ಗೆದ್ದರೆ ಅದು. ಗೋಲಿನ ಅಂಕಿಗಳ ಜಾಗವಷ್ಟೇ ಖಾಲಿ. ಸಂಜೆ ಅಂಕಿ ತುಂಬಿ ಒಂದನ್ನು ಫೋನಿನಲ್ಲಿ ಓದಿ ಬರೆಸುವುದು, ಇನ್ನೊಂದನ್ನು ಹರಿಯುವುದು. ಸೋಲಿನ ಕಾರಣ ಸೋಲಿಗಿಂತ ಮೊದಲೇ ಸಿದ್ಧವಾಗಿರುತ್ತಿತ್ತು. ಯಾರಿಗೂ ಇದು ತಿಳಿಯಲಿಲ್ಲ, ಯಾವತ್ತೂ ತಪ್ಪಾಗಿಯೂ ಕಾಣಲಿಲ್ಲ — ಆಟ ಮುಗಿದ ಮೇಲೆ ಯಾವ ಕಾರಣವಾದರೂ ಹೊಂದಿಕೊಳ್ಳುತ್ತದೆ. ತರಗತಿಯಲ್ಲಿ ಮಾತ್ರ, ಆಧಾರವಿಲ್ಲದೆ ಒಂದು ಅಕ್ಷರ ಬರೆಯಬೇಡಿ ಎಂದು ಹುಡುಗರಿಗೆ ಗದರುತ್ತಿದ್ದೆ.

ಆ ಶನಿವಾರ ನಮ್ಮ ಮೈದಾನದಲ್ಲಿ ಶಿಗ್ಗಾವಿಗೂ ಸವಣೂರಿಗೂ ಸೆಮಿಫೈನಲ್ ಪಂದ್ಯ. ನಾವು ಒಂದು ಗೋಲಿನಿಂದ ಸೋತೆವು. ಸೋಲಿಸಿದ್ದು ಅವರ ಗೋಲ್‌ಕೀಪರ್ ಇಮ್ತಿಯಾಜ್. ಗೆರೆಯ ಮೇಲೆ ನಿಂತು ಕಾಯುವ ಜಾತಿಯವನಲ್ಲ ಅವನು. ಮುಂದೆ ನುಗ್ಗಿ ಬಂದು ನಮ್ಮ ಹುಡುಗರ ಕಾಲಿನಿಂದಲೇ ಚೆಂಡು ಕಸಿಯುತ್ತಿದ್ದ. ಆಟ ಮುಗಿದ ಮೇಲೆ ನನ್ನನ್ನು ಹುಡುಕಿಕೊಂಡು ಬಂದ. ಮೈಯೆಲ್ಲ ರಾಡಿ.

“ಪೇಪರಿಗೆ ಬರಿಯೋ ಸರ ನೀವ ಅಲ್ರಿ?”

“ಹೌದಪ್ಪ. ನಮ್ಮ ಹುಡುಗರ ಬಾಯಾಗ ಮಣ್ಣ ಹಾಕಿದೆಲ್ಲೋ.”

“ಮಣ್ಣ ನನ್ನ ಬಾಯಾಗೂ ಐತ್ರಿ ಸರ, ನೋಡ್ರಿಲ್ಲೆ” ಎಂದು ಹಲ್ಲು ತೋರಿಸಿದ. ಖರೆಯೇ, ಹಲ್ಲಿನ ಸಂದಿಯಲ್ಲೂ ಮಣ್ಣಿತ್ತು. ಇಬ್ಬರೂ ನಕ್ಕೆವು. ಆಮೇಲೆ ದನಿ ಇಳಿಸಿ ಹೇಳಿದ: “ನಾಳೆ ನಮ್ಮೂರಾಗ ಫೈನಲ್ ಐತ್ರಿ. ಚೊಲೋ ಆಡಿದ್ನಂದ್ರ ನನ್ನ ಬಗ್ಗೆ ಒಂದ ಸಾಲ ಬರೀರಿ ಸರ. ನಮ್ಮಪ್ಪ ಆಟ ನೋಡಾಕ ಬರಂಗಿಲ್ಲ. ಪೇಪರ್‌ನ್ಯಾಗ ಬಂದ್ರ ಅಷ್ಟ ನಂಬತಾನ. ಯೂನಿವರ್ಸಿಟಿ ಟೀಮಿಗೆ ಆರಿಸಿದ್ರಂದ್ರ ಪಿ.ಟಿ. ಮಾಸ್ತರ ಕೋರ್ಸಿಗೆ ಕಳಸ್ತೇನಿ ಅಂದಾನ್ರಿ. ಇಲ್ಲಂದ್ರ ನಮ್ಮ ವೀಳ್ಯದೆಲಿ ಅಂಗಡಿ.”

“ಚೊಲೋ ಆಡಲಿಲ್ಲಂದ್ರ?”

“ಆಗೂ ಖರೇನ ಬರೀರಿ.”

ಇಷ್ಟು ಮಾತು ನಿಜವಾಗಿ ಆಡಿದ್ದೆವು. ಇದನ್ನು ಮಾತ್ರ ನೆನಪು ತಿದ್ದಿಲ್ಲ ಎಂದುಕೊಂಡಿದ್ದೇನೆ.

ರವಿವಾರದ ಫೈನಲ್ ಸವಣೂರಿಗೂ ಹಾನಗಲ್ಲಿಗೂ. ಬೆಳಿಗ್ಗೆ ಎಂದಿನಂತೆ ಎರಡನ್ನೂ ಬರೆದೆ. ಸವಣೂರು ಗೆದ್ದರೆ ಎಂಬುದರಲ್ಲಿ ಏನಿತ್ತೋ ಮರೆತಿದ್ದೇನೆ. ಹಾನಗಲ್ ಗೆದ್ದರೆ ಎಂಬುದರಲ್ಲಿ ಈ ಸಾಲು ಇತ್ತು: ‘ಎಷ್ಟೇ ಹಾರಾಡಿದರೂ ಸವಣೂರಿನ ಗೋಲ್‌ಕೀಪರ್ ಇಮ್ತಿಯಾಜನ ಎದೆಯಲ್ಲಿ ಅಂಜಿಕೆ ಇತ್ತು. ಕೊನೆಯ ಗಳಿಗೆಯಲ್ಲಿ ಗಾಬರಿಯಾಗಿ ಗೋಲು ಬಿಟ್ಟು ಮುಂದೆ ಬಂದ. ಸೋಲು ಅಲ್ಲಿಂದ ಒಳಗೆ ನುಗ್ಗಿತು.’ ಹಿಂದಿನ ದಿನ ನಮ್ಮನ್ನು ಸೋಲಿಸಿದ ಧೈರ್ಯವನ್ನೇ ತಿರುಗಿಸಿ ಅಂಜಿಕೆ ಎಂದು ಬರೆದಿದ್ದೆ. ಸಿಟ್ಟಿನಿಂದಲೇ? ಇರಬಹುದು. ಸಾಲು ಚೆನ್ನಾಗಿ ಕೂತಿತು ಎಂಬ ಖುಷಿಯಿಂದಲೇ? ಅದು ಇನ್ನೂ ಕೆಟ್ಟದ್ದು, ಮತ್ತು ಬಹುಶಃ ಅದೇ.

ಅವತ್ತು ಸವಣೂರಿನಲ್ಲಿ ಮೊದಲು ಮೂರನೆಯ ಸ್ಥಾನದ ಪಂದ್ಯ. ನಾವು ಹಿರೇಕೆರೂರಿಗೂ ಸೋತೆವು. ಆಮೇಲೆ ಫೈನಲ್. ಮೊದಲರ್ಧವನ್ನು ನಾನು ಗೋಲಿನ ಪಕ್ಕದಲ್ಲೇ ನಿಂತು ನೋಡಿದೆ. ಇಮ್ತಿಯಾಜ್ ನನ್ನನ್ನು ಕಂಡು ಕೈ ಬೀಸಿದ. ಹಾನಗಲ್ಲಿನವರು ಒದ್ದದ್ದನ್ನೆಲ್ಲ ಹಿಡಿದ. ಎರಡೂ ಕಡೆ ಗೋಲಿಲ್ಲ. ಅಷ್ಟರಲ್ಲಿ ನಮ್ಮ ಹುಡುಗರ ಗಾಡಿ ಹೊರಟಿತು, ನಾನೂ ಹತ್ತಿದೆ. ಹುಡುಗರು ಹಸಿದಿದ್ದರು, ನನಗೆ ತಲೆ ಸಿಡಿಯುತ್ತಿತ್ತು, ಗಾಡಿ ಬಿಟ್ಟರೆ ಬಸ್ಸಿಗೆ ಕಾಯಬೇಕಿತ್ತು — ಇವೆಲ್ಲ ನಿಜ. ಆದರೆ ಎರಡೂ ಅವಲೋಕನ ನನ್ನ ಕಿಸೆಯಲ್ಲಿದ್ದವು. ನೋಡುವ ಅಗತ್ಯವೇ ನನಗಿರಲಿಲ್ಲ. ಹತ್ತಿದ್ದು ಅದಕ್ಕೆ.

ಶಿಗ್ಗಾವಿಗೆ ಬಂದು ಸವಣೂರಿನ ಪರಿಚಯದವರೊಬ್ಬರಿಗೆ ಫೋನು ಮಾಡಿದೆ. “ಹಾನಗಲ್ ಒಂದು, ನಮ್ಮದು ಸೊನ್ನಿ” ಎಂದರು. “ನಮ್ಮ ಕೀಪರ್ ಮುಂದ ಬಂದಿದ್ದ, ಗೋಲ್ ಖಾಲಿ ಇತ್ತು” ಎಂದೂ ಹೇಳಿದರು. ಈ ಎರಡನೆಯ ಮಾತನ್ನು ಅವರು ಹೇಳಿದರೋ, ಆಮೇಲೆ ನಾನೇ ಅವರ ಬಾಯಿಗೆ ಹಾಕಿದೆನೋ — ನನ್ನ ಮೇಲೆ ನನಗೆ ನಂಬಿಕೆ ಇಲ್ಲ. ಹೇಳಿದ್ದರೆ, ಯಾಕೆ ಮುಂದೆ ಬಂದ ಎಂದು ನಾನು ಕೇಳಬೇಕಿತ್ತು. ಒಂದೇ ಪ್ರಶ್ನೆ. ಕೇಳಲಿಲ್ಲ. ನೆನಪಿರುವುದು ಆ ಕ್ಷಣದ ಹಿಗ್ಗು: ನಾನು ಬೆಳಿಗ್ಗೆ ಬರೆದದ್ದು ಸಂಜೆ ಹಾಗೆಯೇ ನಡೆದಿತ್ತು!

ಸೋಮವಾರ ಪತ್ರಿಕೆಯಲ್ಲಿ ನಾಲ್ಕು ಶಬ್ದ ಬಂದವು. ಹಾನಗಲ್: ಶಿಸ್ತು. ಹಿರೇಕೆರೂರು: ಭರವಸೆ. ಶಿಗ್ಗಾವಿ: ದುರದೃಷ್ಟ — ನಮ್ಮವರಲ್ಲವೇ. ಸವಣೂರು: ಅಂಜಿಕೆ.

ಅದೇ ದಿನ ಯೂನಿವರ್ಸಿಟಿ ತಂಡಕ್ಕೆ ವಲಯದ ಆಟಗಾರರನ್ನು ಆರಿಸಲು ನಾಲ್ಕೂ ಕಾಲೇಜಿನ ಕ್ರೀಡಾ ಶಿಕ್ಷಕರು ಕೂತರು. ನಮ್ಮವರು ಬಂದು ಬೆನ್ನು ತಟ್ಟಿದರು. “ನಿನ್ನ ಲೇಖನ ಭಾಳ ಉಪಯೋಗ ಆತಪ್ಪ. ಸವಣೂರ ಕೀಪರನ ಹೆಸರ ಮ್ಯಾಲಿತ್ತು. ಅವರ ಸರ ಏನೋ ಹೇಳಾಕ ಹೋದ್ರು. ತಮ್ಮ ಹುಡುಗನ್ನ ತಾವು ವಹಿಸ್ಕೊಳ್ಳೋದು ಇದ್ದದ್ದ ಬಿಡು ಅಂತ ಯಾರೂ ಕಿವಿಗೆ ಹಾಕ್ಕೊಳಿಲ್ಲ. ಹಿರೇಕೆರೂರ ಹುಡುಗನ್ನ ತಗೊಂಡ್ವಿ.”

ನಾನು ಚಹಾ ತರಿಸಿದೆ. ಇಬ್ಬರೂ ಕುಡಿದೆವು.

ಒಂದೆರಡು ವರ್ಷದ ಮೇಲೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಶಾಸನ ತೋರಿಸಲು ಆಡೂರಿಗೆ ಹೋಗಿದ್ದೆ. ಕಲ್ಲಿನ ಮುಂದೆ ನಿಂತು, ಕೊರೆದವನು ಎಷ್ಟು ಎಚ್ಚರದಿಂದ ಕೊರೆದಿರಬೇಕು ಎಂದು ಏನೋ ಹೇಳುತ್ತಿದ್ದಾಗ ಒಬ್ಬ ಯುವಕ ಬಂದು ನಮಸ್ಕಾರ ಮಾಡಿದ. ಮಂಜುನಾಥ, ಆ ಫೈನಲ್ಲಿನಲ್ಲಿ ಹಾನಗಲ್ಲಿನ ಪರ ಆಡಿದವನು, ಅದೇ ಊರಿನವನು. ಹುಡುಗರಿಗೆ ನೀರು ಕೊಡಿಸಿದ. ಆಮೇಲೆ ನನ್ನನ್ನು ಬದಿಗೆ ಕರೆದ.

ಅವನು ಹೇಳಿದ್ದು ತಿಳಿಯಬೇಕಾದರೆ ನಮ್ಮ ಕಡೆಯ ಒಂದು ರೂಢಿ ತಿಳಿದಿರಬೇಕು. ನಮ್ಮ ಮೈದಾನಗಳಲ್ಲಿ ಕಲ್ಲು ಹೆಚ್ಚು. ಬಿದ್ದವನ ಮೇಲೆ ಇನ್ನೊಬ್ಬ ಬಿದ್ದರೆ ಮೂಳೆ ಮುರಿದಂತೆಯೇ. ಅದಕ್ಕೆ ಯಾರಾದರೂ ಬಿದ್ದು ಏಳದಿದ್ದರೆ ಹತ್ತಿರವಿದ್ದವನು ಕೈ ಎತ್ತುತ್ತಾನೆ, ಎದುರು ತಂಡದವನಾದರೂ ಸರಿ. ಕೈ ಕಂಡರೆ ಎಲ್ಲರೂ ನಿಲ್ಲುತ್ತಾರೆ. ಬಿದ್ದವನನ್ನು ಎಬ್ಬಿಸಿ ಆಟ ಮುಂದುವರಿಸುತ್ತಾರೆ. ನಿಯಮದ ಪುಸ್ತಕದಲ್ಲಿ ಇದಿಲ್ಲ. ನಾಲ್ಕೂ ಊರಿನ ಹುಡುಗರಿಗೆ ಗೊತ್ತು. ನನಗೂ ಗೊತ್ತಿತ್ತು.

“ಅವತ್ತ ಬಿದ್ದಾವ ನಾನ ರೀ ಸರ” ಎಂದ ಮಂಜುನಾಥ. “ಮೊಣಕಾಲ ಹೊಳ್ಳಿತ್ತು, ಏಳಾಕ ಬರವಲ್ದು. ಇಮ್ತಿಯಾಜ ಕೈ ಎತ್ತಿ ನನ್ನ ಕಡೆ ಓಡಿ ಬಂದ. ನನ್ನ ಬಗಲಾಗ ಕೈ ಹಾಕಿದ್ದ. ಅಷ್ಟರಾಗ ನಮ್ಮ ಹುಡುಗ ಒಬ್ಬಾವ ಖಾಲಿ ಗೋಲಿಗೆ ಚೆಂಡ ಒದ್ದಬಿಟ್ಟ. ರೆಫ್ರಿ ಹೊರಗಿನೋರು, ಅವರಿಗೇನ್ ಗೊತ್ರಿ ನಮ್ಮ ರಿವಾಜು? ಸೀಟಿ ಊದಿ ಗೋಲ್ ಕೊಟ್ರು. ನಾನೂ ಸುಮ್ನ ಇದ್ದೆ. ಕುಂಟಕೋತ ಹೋಗಿ ಕಪ್ ಹಿಡಕೊಂಡು ಫೋಟೋಕ್ಕ ನಿಂತೆ.” ಆಮೇಲೆ ಕೇಳಿದ: “ನೀವು ಅಲ್ಲೇ ಇದ್ರೆಲ್ರಿ. ಮತ್ತ ಹಂಗ್ಯಾಕ ಬರದ್ರಿ?”

ಅವನು ಮೂದಲಿಸಿ ಕೇಳಿರಲಿಲ್ಲ. ತನ್ನ ತಪ್ಪನ್ನು ಹೇಳಿಕೊಂಡು, ಪಕ್ಕದಲ್ಲಿ ನನಗೂ ಜಾಗ ಮಾಡಿಕೊಟ್ಟಿದ್ದ. ನಾನು ಅಲ್ಲಿರಲಿಲ್ಲ ಎಂದು ಹೇಳಿದ್ದರೆ —

“ನನಗ ಹಂಗ ಕಂಡಿತ್ತು” ಎಂದೆ.

ಮೊದಲ ಸುಳ್ಳು ಅವಸರದ್ದು ಎನ್ನಬಹುದು. ಇದಕ್ಕೆ ಯಾವ ಅವಸರವೂ ಇರಲಿಲ್ಲ. ಮೈದಾನದ ಆ ಚಿತ್ರ ನನ್ನ ಕಣ್ಣಲ್ಲಿ ಮೂಡಿದ್ದು ಅವತ್ತಿನಿಂದ ಎಂದು ಕಾಣುತ್ತದೆ. ಕಂಡಿತ್ತು ಎಂದ ಮೇಲೆ ಕಾಣಲೇಬೇಕಲ್ಲ. ಧೂಳು, ಕಂಬ, ಅಂಗಿಯ ಬಣ್ಣ, ಎಲ್ಲವನ್ನೂ ಒಂದೊಂದಾಗಿ ತಂದು ಜೋಡಿಸಿಕೊಂಡೆ. ಪತ್ರಿಕೆಗೆ ತಿದ್ದುಪಡಿ ಕಳಿಸಲಿಲ್ಲ. ಅಂಕಣ ಇನ್ನೂ ಎರಡು ಹಂಗಾಮು ನಡೆಯಿತು.

ಈ ವರ್ಷ ಒಂದು ಮದುವೆಗೆಂದು ಸವಣೂರಿಗೆ ಹೋದವನು ವೀಳ್ಯದೆಲೆ ಕೊಳ್ಳಲು ಅಂಗಡಿಯೊಂದರ ಮುಂದೆ ನಿಂತೆ. ಆ ಅಂಗಡಿ ಯಾರದೆಂದು ಗೊತ್ತಿರಲಿಲ್ಲ ಎಂದು ಮೊದಲು ಬರೆದಿದ್ದೆ, ಹೊಡೆದು ಹಾಕಿದ್ದೇನೆ. ಗೊತ್ತಿತ್ತು. ಇಮ್ತಿಯಾಜನ ತಂದೆ ರಜಾಕಸಾಬರು ಒದ್ದೆ ಬಟ್ಟೆ ಸರಿಸಿ ಎಲೆ ಆರಿಸುತ್ತಿದ್ದರು. ನಾನು ಹೆಸರು ಹೇಳಿದೆ. ಮುಖ ಅರಳಿತು.

“ಪೇಪರಿನ ಸರ! ಬರ್ರಿ ಬರ್ರಿ, ಕುಂದರ್ರಿ. ನನ್ನ ಮಗನ ಬಗ್ಗೆ ಬರದಿದ್ರಿ ನೀವು.”

ಅವರ ಮಾತಿನಲ್ಲಿ ಕಹಿ ಇರಲಿಲ್ಲ. ಅದನ್ನು ಹೇಗೆ ಹೇಳಲಿ.

“ಅವತ್ತ ಪೇಪರ್ ಓದಿ ಅವನ್ನ ಕೂಡಿಸ್ಕೊಂಡು ಕೇಳಿದ್ನಿರಿ, ಏನೋ, ಅಂಜಿ ಗೋಲ್ ಬಿಟ್ಟೇನು? ಮೊದಲ ಇಲ್ಲ ಅಂದ. ಯಾರನೋ ಎಬ್ಬಸಾಕ ಹೋಗಿದ್ದೆ ಅಂದ. ನಾ ಪೇಪರ್ ತೋರಿಸಿದೆ. ಓದಿದ, ಮತ್ತ ಓದಿದ. ಆಮ್ಯಾಲ ಅಂದ — ಸರ ಅಲ್ಲೇ ಗೋಲಿನ ಬಾಜೂಕ ನಿಂತಿದ್ರು ಅಪ್ಪಾ. ಅವರಿಗೆ ಹಂಗ ಕಂಡೈತಿ ಅಂದ್ರ ನಾ ಅಂಜಿರಬೇಕು.” ಎಲೆಗಳನ್ನು ತಟ್ಟಿ ಒಪ್ಪ ಮಾಡಿದರು. “ಅಂಜಿದ್ದು ಅಂಜಿದ, ಆದ್ರ ಒಪ್ಪಿಕೊಂಡ ನೋಡ್ರಿ. ಅದ ನನಗ ದೊಡ್ಡದು. ಆಮ್ಯಾಲ ಚೆಂಡ ಮುಟ್ಟಲಿಲ್ಲ. ಈಗ ಎಲಿ ಗಾಡಿ ಮ್ಯಾಲ ಹೋಗತಾನ. ಇವತ್ತೂ ಹೋಗ್ಯಾನ. ಇದ್ದಿದ್ರ ಭಾಳ ಖುಷಿ ಪಡತಿದ್ದ.”

ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. “ಎಲಿ ಚೊಲೋ ಅದಾವ್ರಿ” ಎಂದೆ.

ಅವನ ಆಟವನ್ನಷ್ಟೇ ಕೆಡಿಸಿದೆ ಎಂದುಕೊಂಡಿದ್ದೆ ಇಷ್ಟು ವರ್ಷ. ಬಿದ್ದವನ ಬಗಲಿಗೆ ಕೈ ಹಾಕಿದ ನೆನಪು ಅವನದಾಗಿತ್ತು. ಅದನ್ನು ಅವನಿಂದಲೇ ಅಳಿಸಿ ಅಲ್ಲಿ ನನ್ನ ಸಾಲನ್ನು ಇಟ್ಟೆ. ಅವನು ನನ್ನನ್ನು ನಂಬಿ ತನ್ನನ್ನು ಬಿಟ್ಟುಕೊಟ್ಟ.

ರಜಾಕಸಾಬರು ಅಚ್ಚಾದದ್ದನ್ನು ನಂಬುತ್ತಾರೆ. ಅದಕ್ಕೇ ಬಾಯಲ್ಲಿ ಹೇಳದೆ ಇದನ್ನು ಬರೆದಿದ್ದೇನೆ — ಅಥವಾ ಬಾಯಲ್ಲಿ ಹೇಳುವ ಧೈರ್ಯ ಇವತ್ತಿಗೂ ಇಲ್ಲ, ಎರಡೂ ಇರಬಹುದು. ಅಚ್ಚಾದ ಮೇಲೆ ಒಂದು ಪ್ರತಿ ಹಿಡಿದು ಸವಣೂರಿಗೆ ಹೋಗುತ್ತೇನೆ. ಮೊದಲು ಮಗನ ಕೈಗೆ ಕೊಡುತ್ತೇನೆ, ಆಮೇಲೆ ತಂದೆಗೆ. ಅವರು ಓದುವವರೆಗೆ ಅಲ್ಲಿಯೇ ನಿಂತಿರುತ್ತೇನೆ. ಈ ಸಲ ಅರ್ಧಕ್ಕೆ ಹೊರಡುವುದಿಲ್ಲ.

ಆದರೆ ಇದನ್ನು ಓದಿ ಇಮ್ತಿಯಾಜ್ ನನ್ನನ್ನೇ ಕೇಳಿದರೆ — ಹಾಗಾದ್ರ ನಾ ಅಂಜಿದ್ದಿಲ್ಲೇನ್ರಿ ಸರ? ಅಂಜಿರಲಿಲ್ಲ ಎನ್ನುತ್ತಾನೆ ಮಂಜುನಾಥ. ಅಂಜಿದ್ದೆ ಎಂದು ಒಪ್ಪಿಕೊಂಡವನು ಇಮ್ತಿಯಾಜನೇ. ನಾನು ಅಲ್ಲಿರಲಿಲ್ಲ. ನನಗೆ ಗೊತ್ತಿಲ್ಲ.