ಅನ್ನ ಮಲಗಿಸುವ ಪೆಟ್ಟಿಗೆ

ಬೀದಿಯವರೆಲ್ಲ ಅವರನ್ನು ಅರ್ಧಕ್ಕ ಎಂದೇ ಕರೆಯುತ್ತಿದ್ದರು. ಹೊಸ ಸೋಪು ತಂದ ದಿನವೇ ಅದನ್ನು ದಾರದಿಂದ ಎರಡು ತುಂಡು ಮಾಡಿ, ಒಂದನ್ನು ಬಚ್ಚಲಲ್ಲಿಟ್ಟು ಇನ್ನೊಂದನ್ನು ಬೀರುವಿನ ಬಟ್ಟೆಗಳ ನಡುವೆ ಒಣಗಲು ಬಿಡುತ್ತಿದ್ದರು. ಒಣಗಿದ ಸೋಪು ಬೇಗ ಸವೆಯುವುದಿಲ್ಲ, ಅಲ್ಲಿಯ ತನಕ ಸೀರೆಗಳಿಗೆ ಪುಕ್ಕಟೆ ಪರಿಮಳ. ಚಪ್ಪಟೆಯಾದ ಪೇಸ್ಟಿನ ಟ್ಯೂಬನ್ನು ಕತ್ತರಿಯಲ್ಲಿ ಸೀಳಿದರೆ ಮನೆಮಂದಿಗೆಲ್ಲ ಇನ್ನೊಂದೆರಡು ಬೆಳಗ್ಗೆ ಕಳೆಯುತ್ತಿತ್ತು. ಮಾರುಕಟ್ಟೆಗೆ ಅವರು ಹೋಗುತ್ತಿದ್ದದ್ದು ವ್ಯಾಪಾರಿಗಳು ಬುಟ್ಟಿ ಎತ್ತುವ ಹೊತ್ತಿಗೆ. "ಅರ್ಧಕ್ಕ ಬಂದ್ರು, ಇನ್ನು ಅಂಗಡಿ ಮುಚ್ಚಬಹುದು" ಎಂದು ತರಕಾರಿಯವನು ತಮಾಷೆ ಮಾಡುತ್ತಲೇ ಉಳಿದ ಟೊಮೆಟೊವನ್ನೆಲ್ಲ ಅವರ ಚೀಲಕ್ಕೆ ಸುರಿಯುತ್ತಿದ್ದ.

ಆ ಮನೆಗೆ ಸೊಸೆಯಾಗಿ ಬಂದವಳ ಕಣ್ಣಿಗೆ ಮೊದಲ ದಿನವೇ ಬಿದ್ದದ್ದು ಹಾಸಿಗೆಯ ಹೊದಿಕೆ. ಅದರ ನಟ್ಟನಡುವೆ ಉದ್ದಕ್ಕೂ ಒಂದು ಹೊಲಿಗೆ ಓಡಿತ್ತು.

"ಇದೇನ್ರೀ, ಗಡಿ ಹಾಕಿದ ಹಾಗಿದೆ?"

"ಗಡೀನೇ. ಆ ಕಡೆ ನಿನ್ನ ರಾಜ್ಯ" ಎಂದ ಗಂಡ. ಅವನು ಬಸ್ ಡಿಪೋದಲ್ಲಿ ಮೆಕ್ಯಾನಿಕ್.

ಹೊದಿಕೆ ಯಾವಾಗಲೂ ನಡುವೆ ಸವೆಯುತ್ತದೆ, ಅಂಚುಗಳು ಹೊಸದರಂತೆಯೇ ಉಳಿಯುತ್ತವೆ. ಅತ್ತೆ ಅದನ್ನು ನಡುವೆ ಉದ್ದುದ್ದ ಸೀಳಿ, ಗಟ್ಟಿಯಾದ ಅಂಚುಗಳನ್ನು ಮಧ್ಯಕ್ಕೆ ತಂದು ಜೋಡಿಸಿ, ಸವೆದ ಭಾಗವನ್ನು ಹಾಸಿಗೆಯ ಅಡಿಗೆ ಮಡಚಿ ಹೋಗುವ ಹಾಗೆ ಹೊಲಿದಿದ್ದರು. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಎಲ್ಲರಿಗೂ ಗೊತ್ತಿರುವ ಮಾತು. ಹರಿದ ಹಾಸಿಗೆಗೆ ಇನ್ನಷ್ಟು ಆಯಸ್ಸು ಕೊಡುವುದನ್ನು ಸೊಸೆ ನೋಡಿದ್ದು ಇದೇ ಮೊದಲು. ಆ ಹೊಲಿಗೆ ಎಷ್ಟು ನಯವಾಗಿತ್ತೆಂದರೆ ಬೆನ್ನಿಗೆ ಗೊತ್ತೇ ಆಗುತ್ತಿರಲಿಲ್ಲ.

ಅಡುಗೆಮನೆಯ ಮೂಲೆಯಲ್ಲಿದ್ದ ಪೆಟ್ಟಿಗೆ ಮಾತ್ರ ಅವಳಿಗೆ ಬಹಳ ದಿನ ಅರ್ಥವಾಗಲಿಲ್ಲ. ಹೊಲಿಗೆ ಯಂತ್ರ ತುಂಬಿಕೊಂಡು ಬಂದಿದ್ದ ಮರದ ಪೆಟ್ಟಿಗೆ ಅದು. ಅತ್ತೆ ಕೆಲಸ ಮಾಡುವ ಹೊಲಿಗೆ ಕಾರ್ಖಾನೆಯವರು ಎಸೆದದ್ದು. ಒಳಗೆ ಅದೇ ಕಾರ್ಖಾನೆಯ ಚೂರು ಬಟ್ಟೆ ತುರುಕಿದ ದಿಂಬುಗಳು. ಬೆಳಗ್ಗೆ ಪಾತ್ರೆ ಕೊತಕೊತ ಕುದಿಯುತ್ತಿದ್ದ ಹಾಗೆಯೇ ಅತ್ತೆ ಒಲೆ ಆರಿಸಿ, ಮುಚ್ಚಳದ ಸಮೇತ ಪಾತ್ರೆಯನ್ನು ದಿಂಬುಗಳ ನಡುವೆ ಹುದುಗಿಸಿ, ಮೇಲೊಂದು ದಿಂಬು ಒತ್ತಿ ಪೆಟ್ಟಿಗೆ ಮುಚ್ಚಿ ಕೆಲಸಕ್ಕೆ ಹೋಗಿಬಿಡುತ್ತಿದ್ದರು. ಮಧ್ಯಾಹ್ನ ತೆಗೆದರೆ ಅನ್ನ ಅರಳಿರುತ್ತಿತ್ತು, ಕಾಳು ಬೆಣ್ಣೆಯಾಗಿರುತ್ತಿತ್ತು. ಬೇರೆಯವರ ಮನೆಯಲ್ಲಿ ಒಂದು ಸಿಲಿಂಡರ್ ಮುಗಿದು ಇನ್ನೊಂದು ಬರುವಾಗ ಇವರದ್ದು ಅರ್ಧವೂ ಆಗಿರುತ್ತಿರಲಿಲ್ಲ.

"ಇದನ್ನ ಯಾರು ಹೇಳಿಕೊಟ್ರು ಅತ್ತೆ?"

"ಯಾರು ಹೇಳಿಕೊಡ್ತಾರೆ! ನಿನ್ನ ಗಂಡ ಇಷ್ಟುದ್ದ ಇದ್ದಾಗ ಅವರಪ್ಪ ಹೋಗಿಬಿಟ್ರು. ನಾನು ಕೆಲಸಕ್ಕೆ ಹೋಗ್ಬೇಕು. ಒಲೆ ಉರಿಸಿಟ್ಟು ಹೋದ್ರೆ ಮನೆ ಸುಡುತ್ತೆ, ಆರಿಸಿ ಹೋದ್ರೆ ಹೊಟ್ಟೆ ಸುಡುತ್ತೆ. ಒಂದಿನ ಪಾತ್ರೇನ ಕಂಬಳೀಲಿ ಸುತ್ತಿ ಮಂಚದ ಕೆಳಗಿಟ್ಟೆ. ಮಗೂಗೆ, ಅನ್ನ ಮಲಗಿದೆ, ಎಬ್ಬಿಸಬೇಡ ಅಂತ ಹೇಳಿ ಹೋದೆ. ಪಾಪ, ಅವನು ನಾನು ಬರೋ ತನಕ ಪಿಸುಮಾತಲ್ಲೇ ಆಡ್ಕೊಂಡಿದ್ದನಂತೆ."

ಅತ್ತೆಗೆ ಕಾರ್ಖಾನೆಯಲ್ಲಿ ಕಾಜಾ ಕೆಲಸ. ಅಂಗಿಯ ಗುಂಡಿ ತೂರುವ ತೂತಿನ ಸುತ್ತ ಕೈಯಿಂದ ದಾರ ಹಾಕುವುದು. ಆ ವರ್ಷ ಅವರ ಕಣ್ಣು ಮಂಜಾಗತೊಡಗಿತು. ಡಾಕ್ಟರು ಕನ್ನಡಕ ಬದಲಿಸಿ ನೋಡಿದರು, ಹೆಚ್ಚು ಪ್ರಯೋಜನವಾಗಲಿಲ್ಲ. ಬೆಳಗ್ಗೆ ಸೊಸೆ ಸಾಲಾಗಿ ಸೂಜಿಗಳಿಗೆ ದಾರ ಪೋಣಿಸಿ ಕೊಟ್ಟರೆ ಅತ್ತೆ ಅವನ್ನು ಸೆರಗಿನ ಮರೆಗೆ ಚುಚ್ಚಿಕೊಂಡು ಹೋಗುತ್ತಿದ್ದರು. ಆದರೂ ಒಂದು ಗಂಟು ಅಂಗಿಗಳು ಕಾಜಾ ಸೊಟ್ಟಗಾಗಿದೆ ಎಂದು ವಾಪಸು ಬಂದವು. ಯಜಮಾನರು ಕೆಟ್ಟವರಲ್ಲ. "ತಿಂಗಳ ಕೊನೆ ತನಕ ನೋಡೋಣಮ್ಮ" ಎಂದರು. ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು. ಗಂಡ ಸತ್ತಾಗಿನಿಂದ ಒಂದು ದಿನವೂ ಕೈಚೆಲ್ಲಿ ಕೂರದ ಹೆಂಗಸು ಆ ರಾತ್ರಿ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದನ್ನು ಸೊಸೆ ನೋಡಿದಳು.

ಮರುದಿನವೇ ಅತ್ತೆ ಯಜಮಾನರ ಮುಂದೆ ನಿಂತು ಒಂದು ಮಾತು ಕೇಳಿದರಂತೆ. ಕಾರ್ಖಾನೆಯ ತುಂಬ ಬಟ್ಟೆ, ಗಾಳಿಯ ತುಂಬ ದಾರದ ಧೂಳು. ಅಲ್ಲಿ ಕಡ್ಡಿ ಗೀರುವ ಹಾಗಿಲ್ಲ, ಬೀಡಿ ಸೇದಬೇಕಾದರೂ ರಸ್ತೆ ದಾಟಬೇಕು. ಹಾಗಾಗಿ ಎಲ್ಲರದ್ದೂ ತಣ್ಣಗಿನ ಊಟ.

"ಇಲ್ಲಿಗೆ ಬೆಂಕಿ ತರಬಾರದು, ಸರಿ. ಬಿಸಿ ತರಬಹುದಲ್ವಾ?"

ಯಜಮಾನರು ನಕ್ಕು, ಒಂದು ದಿನ ತಂದು ತೋರಿಸಿ, ಎಲ್ಲರೂ ಒಪ್ಪಿದರೆ ಊಟದ ಕೆಲಸ ನಿಮ್ಮದೇ ಎಂದರು.

ಆ ದಿನ ಅತ್ತೆ ನಸುಕಿಗೇ ಎದ್ದು, ನೆನೆದ ಕಡಲೆಕಾಳನ್ನು ಕುಂಬಳಕಾಯಿಯ ಜೊತೆ ಕುದಿಸಿ, ಅನ್ನದ ಪಾತ್ರೆ ಕೆಳಗೆ, ಕಾಳಿನ ಪಾತ್ರೆ ಮೇಲೆ ಇಟ್ಟು ಪೆಟ್ಟಿಗೆ ಮುಚ್ಚಿದರು. "ತರಕಾರಿಯವನ ಗಾಡಿ ಮಧ್ಯಾಹ್ನ ಖಾಲಿ ಇರುತ್ತೆ, ಕೇಳಿದೀನಿ. ಅದರಲ್ಲಿಟ್ಟು ತಳ್ಕೊಂಡು ಬಾ. ಅಲ್ಲಿ ತನಕ ಮುಟ್ಟಬೇಡ" ಎಂದು ಹೇಳಿ ಹೋದರು.

ಸೊಸೆ ಮನೆ ಗುಡಿಸಿದಳು, ಬಟ್ಟೆ ಒಗೆದಳು. ಮನಸ್ಸೆಲ್ಲ ಪೆಟ್ಟಿಗೆಯ ಮೇಲೆಯೇ. ಅಷ್ಟು ಜನರ ಊಟ, ಬೆಂದಿದೆಯೋ ಇಲ್ಲವೋ? ಒಮ್ಮೆ ಪೆಟ್ಟಿಗೆ ತೆರೆದು ಮೇಲಿದ್ದ ಕಾಳಿನ ಪಾತ್ರೆಯ ಮುಚ್ಚಳ ಎತ್ತಿದಳು. ಹಬೆ ಮುಖಕ್ಕೆ ಹೊಡೆಯಿತು, ಸಮಾಧಾನವಾಯಿತು. ಸ್ವಲ್ಪ ಹೊತ್ತಿಗೆ ಆ ಸಮಾಧಾನ ಆರಿಹೋಗಿ ಮತ್ತೆ ಎತ್ತಿದಳು. ಹೀಗೆ ತನ್ನ ಧೈರ್ಯಕ್ಕೆಂದು ಅವಳು ನೋಡುತ್ತಲೇ ಹೋದಳು, ನೋಡಿದಾಗೆಲ್ಲ ಒಂದಿಷ್ಟು ಬಿಸಿ ಹೊರಗೆ ಹೋಯಿತು.

ಕಾರ್ಖಾನೆಯಲ್ಲಿ ಎಲ್ಲರೂ ತಟ್ಟೆ ಹಿಡಿದು ಕೂತಿದ್ದರು. ಅತ್ತೆ ಸೌಟು ಹಾಕಿ ಒಂದು ಕಾಳನ್ನು ಬೆರಳಲ್ಲಿ ಒತ್ತಿದರು. ಕಾಳು ಪುಟಿದು ಕಟಿಂಗ್ ಮಾಸ್ಟರ್ ಮೇಜಿನ ಮೇಲೆ ಬಿತ್ತು.

"ಅಕ್ಕಾ, ಊಟಾನಾ, ಗೋಲಿ ಆಟಾನಾ?" ಎಂದರು ಮಾಸ್ಟರ್. ಎಲ್ಲರೂ ನಕ್ಕರು. ಯಜಮಾನರು ಮಾತ್ರ ನಗಲಿಲ್ಲ.

"ನಾನೇ ಅತ್ತೆ, ಮತ್ತೆಮತ್ತೆ ತೆಗೆದು ನೋಡ್ದೆ" ಎಂದಳು ಸೊಸೆ.

ಅತ್ತೆ ಕಾಳಿನ ಪಾತ್ರೆಯನ್ನು ಪಕ್ಕಕ್ಕಿಟ್ಟರು. "ಅಡೋ ತನಕ ಇದ್ದೋಳಿಗೆ ಆರೋ ತನಕ ಇರಕ್ಕಾಗಲ್ವಾ ಅಂತ ಗಾದೆ. ನೀನು ಅಡೋಕೆ ಮುಂಚೇನೇ ಆರಿಸಿಬಿಟ್ಯಲ್ಲೇ!" ಎಂದು ಹೇಳಿ ಕೆಳಗಿನ ಪಾತ್ರೆ ತೆಗೆದರು. ಅದನ್ನು ಯಾರೂ ಮುಟ್ಟಿರಲಿಲ್ಲ. ಮುಚ್ಚಳ ತೆಗೆದದ್ದೇ ತಡ, ಅನ್ನದ ಹಬೆ ಯಂತ್ರಗಳ ನಡುವೆ ಎದ್ದಿತು. ಅತ್ತೆ ಮೆತ್ತಗೆ ಬೆಂದಿದ್ದ ಕುಂಬಳಕಾಯಿಯನ್ನೂ ತಿಳಿಯನ್ನೂ ಸೌಟಿನಲ್ಲಿ ಬಾಗಿಸಿ ಬಾಗಿಸಿ ಬಡಿಸಿದರು, ಒಂದು ಕಾಳೂ ತಟ್ಟೆಗೆ ಬೀಳದಂತೆ.

"ಕಾಳಿಗೆ ಇವತ್ತು ನಿದ್ದೆ ಬಂದಿಲ್ಲ. ಅದು ನಾಳೆಗೆ. ಇವತ್ತಿನ ಊಟಕ್ಕೆ ಕಾಸು ಬೇಡ."

ಯಜಮಾನರು ತಟ್ಟೆಯನ್ನು ಕೈ ಬದಲಾಯಿಸುತ್ತಾ ಹಿಡಿದುಕೊಂಡರು, ಅಷ್ಟು ಬಿಸಿಯಿತ್ತು. ಉಂಡು ಕೈ ತೊಳೆದವರು, "ನಾಳೆ ಒಂದಿನ ನೋಡೋಣ" ಎಂದರು.

ಅತ್ತೆ ಅರ್ಧ ದಿನದ ರಜೆ ಕೇಳಿಕೊಂಡು ಜೊತೆಗೇ ಹೊರಟರು. ಮನೆಗೆ ಹೋಗುವ ದಾರಿಯಲ್ಲಿ ಗಾಡಿ ತಳ್ಳುತ್ತಾ ಸೊಸೆ ಬೈಗುಳಕ್ಕಾಗಿ ಕಾದಳು. ಬೈಗುಳ ಬರಲಿಲ್ಲ. "ನಾನೂ ಮೊದಮೊದಲು ಹಾಗೇ ತೆಗೆದು ನೋಡ್ತಿದ್ದೆ ಕಣೇ" ಎಂದರು ಅತ್ತೆ. "ನಿನ್ನ ಗಂಡ ಅರೆಬೆಂದ ಅನ್ನ ತಿಂದೇ ಅಷ್ಟು ಗಟ್ಟಿಯಾಗಿರೋದು." ಮನೆ ಸೇರಿದ್ದೇ ಕಾಳನ್ನು ತಣ್ಣಗಾಗಿಸಿ, ಪಕ್ಕದ ಮನೆಯವರನ್ನು ಕೇಳಿ ಅವರ ಫ್ರಿಜ್ಜಿನಲ್ಲಿಟ್ಟು ಬಂದರು.

ಮರುದಿನ ಬೆಳಗ್ಗೆ ಅದೇ ಕಾಳು ಹೊಸ ತರಕಾರಿಯೊಂದಿಗೆ ಕುದಿದು ಪೆಟ್ಟಿಗೆ ಸೇರಿತು. ಅತ್ತೆ ಸೀಳಿದ ಹೊದಿಕೆಯೊಂದನ್ನೂ ದಾರ ಪೋಣಿಸಿದ ಸೂಜಿಯನ್ನೂ ಸೊಸೆಯ ಕೈಗಿಟ್ಟು, ಪೆಟ್ಟಿಗೆಯ ಮುಚ್ಚಳವನ್ನು ತಟ್ಟಿ ತೋರಿಸಿದರು.

"ಕೂತ್ಕೋ."

"ಇದರ ಮೇಲಾ?"

"ಹೂಂ. ಇದಕ್ಕಿಂತ ಒಳ್ಳೆ ಬೀಗ ನನ್ನತ್ರ ಇಲ್ಲ."

ಸೊಸೆ ಕೂತಳು. ಅಡಿಯ ಬಿಸಿಯ ಸುಳಿವೂ ಅವಳಿಗೆ ತಟ್ಟಲಿಲ್ಲ. ಅಂದರೆ ಎಲ್ಲವೂ ಒಳಗೇ ಇದೆ ಎಂದು ಆಗ ಹೊಳೆಯಿತು. ಹೊದಿಕೆಯ ನಡುಹೊಲಿಗೆ ಮುಗಿಯುವ ತನಕ ಅವಳು ಏಳಲಿಲ್ಲ. ಅದು ಅತ್ತೆಯದ್ದರಷ್ಟು ನಯವಾಗಿರಲಿಲ್ಲ, ನೇರವಾಗಿತ್ತು.

ಆ ಮಧ್ಯಾಹ್ನ ಕಟಿಂಗ್ ಮಾಸ್ಟರ್ ಒಂದು ಕಾಳು ತೆಗೆದು ತಮ್ಮ ಮೇಜಿನ ಮೇಲೆ ಎತ್ತರದಿಂದ ಬಿಟ್ಟರು. ಅದು ಪುಟಿಯಲಿಲ್ಲ, ಬಿದ್ದಲ್ಲೇ ಅಪ್ಪಚ್ಚಿಯಾಯಿತು. "ಗೋಲಿ ಆಟ ಮುಗೀತು" ಎಂದು ಎರಡನೇ ಸಲ ತಟ್ಟೆ ಚಾಚಿದರು.

ಯಜಮಾನರು ಅತ್ತೆಯ ಹತ್ತಿರ ಬಂದರು. "ಅಮ್ಮ, ಕಾಜಾ ಇನ್ನು ಬೇರೆಯವರು ಹಾಕ್ಲಿ. ನಿಮ್ಮ ಪೆಟ್ಟಿಗೆ ದಿನಾ ಬರಲಿ."

ಅತ್ತೆ ಸೆರಗಿನ ಮರೆಯ ಸೂಜಿಗಳನ್ನು ಒಂದೊಂದಾಗಿ ಬಿಡಿಸಿ ಮಾಸ್ಟರ್ ಮೇಜಿನ ಮೇಲಿಟ್ಟರು. ಆಮೇಲೆ, "ಹಾಗಾದ್ರೆ ಚೂರು ಬಟ್ಟೆ ಎಸೀಬೇಡಿ, ಎತ್ತಿಡಿ. ಇಷ್ಟು ಜನಕ್ಕೆ ಇನ್ನೊಂದು ಪೆಟ್ಟಿಗೆ ಬೇಕು" ಎಂದರು.

"ಅದರ ಮೇಲೆ ಯಾರು ಕೂರೋದು ಅತ್ತೆ?" ಎಂದಳು ಸೊಸೆ.

"ನಾನೇ ಕಣೇ. ಇಷ್ಟು ವರ್ಷ ಬಗ್ಗಿ ದುಡಿದಾಯ್ತು, ಇನ್ನು ಕೂತು ದುಡೀತೀನಿ."